ಒನಕೆಯ ಕಾವಲು

ಚಿತ್ರದುರ್ಗದ ಕೋಟೆಯನ್ನು ನೋಡಲು ಹೋದವರೆಲ್ಲರೂ ಒಂದಲ್ಲ ಒಂದು ಹೊತ್ತಿನಲ್ಲಿ ಬಂಡೆಗಳ ನಡುವಿನ ಒಂದು ಕಿರಿದಾದ ಸಂದಿಯ ಎದುರಿಗೆ ನಿಲ್ಲುತ್ತಾರೆ. ಏಳು ಸುತ್ತಿನ ಕೋಟೆ, ಬುರುಜು, ಬತೇರಿ, ಹೆಬ್ಬಾಗಿಲುಗಳನ್ನೆಲ್ಲ ನೋಡಿ ಬೆರಗಾದ ಕಣ್ಣಿಗೆ ಆ ಸಂದಿ ಏನೂ ಅಲ್ಲ. ಆದರೂ ನಿಲ್ಲುತ್ತಾರೆ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿ ಬರುವಾಗ, ಕಾವಲುಗಾರ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಅವನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತಳೆಂದು ಜನ ಹೇಳಿಕೊಂಡು ಬಂದ ಕಥೆಯನ್ನು ನಾನಿಲ್ಲಿ ಮತ್ತೆ ಹೇಳಬೇಕಾಗಿಲ್ಲ. ಆ ಕಥೆಯ ಎರಡು ಸಂಗತಿಗಳನ್ನು ಮಾತ್ರ ನೆನಪಿಸಿ ನನ್ನ ವಿಷಯಕ್ಕೆ ಬರುತ್ತೇನೆ. ಒಂದು, ಶತ್ರು ಬಂದದ್ದು ಹೆಬ್ಬಾಗಿಲಿನಿಂದಲ್ಲ, ಸಂದಿಯಿಂದ. ಎರಡು, ಕೋಟೆಯನ್ನು ಅಂದು ಕಾದದ್ದು ಆಯುಧಶಾಲೆಯ ಖಡ್ಗವಲ್ಲ, ಅಡಿಗೆಮನೆಯ ಒನಕೆ.

ನಮ್ಮ ದೇಹವೂ ಒಂದು ಕೋಟೆಯೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಕೋಟೆಗೂ ಒಂದು ಸಂದಿಯುಂಟು, ಅದನ್ನು ಕಾಯುವವರೂ ಉಂಟು, ಆ ಕಾವಲುಗಾರರ ಊಟ ಅಡಿಗೆಮನೆಯಿಂದಲೇ ಬರಬೇಕು. ಇಷ್ಟನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವಿದೆ. ನನ್ನ ಹಳೆಯ ಸ್ನೇಹಿತರೊಬ್ಬರು ಹೊಸದುರ್ಗದ ಕಡೆಯವರು, ನಿವೃತ್ತ ಉಪಾಧ್ಯಾಯರು. ಕೆಲವು ತಿಂಗಳ ಹಿಂದೆ ಮನೆಗೆ ಬಂದವರು ಜೇಬಿನಿಂದ ಒಂದು ಗುಳಿಗೆಯ ಸೀಸೆಯನ್ನು ತೆಗೆದು ಮೇಜಿನ ಮೇಲಿಟ್ಟರು. “ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆಯಂತೆ. ಮುಪ್ಪನ್ನು ತಡೆಯುತ್ತದಂತೆ. ನಲವತ್ತು ವರ್ಷ ಸೇದಿದ ಬೀಡಿಯ ಕೆಡುಕನ್ನೂ ತೊಳೆಯುತ್ತದಂತೆ. ನಿಜವೆ?” ಎಂದು ಕೇಳಿದರು. ಪಿಂಚಣಿಯಲ್ಲಿ ಬದುಕುವವರು; ತಿಂಗಳಿಗೊಂದು ಸೀಸೆ ಕೊಳ್ಳುತ್ತಿದ್ದರು. ಅವರ ಹಿತ್ತಿಲಿನಲ್ಲಿ ಒಂದು ನುಗ್ಗೆಯ ಮರವಿದೆ. ಅದರ ಸೊಪ್ಪು ಉದುರಿ ಗೊಬ್ಬರವಾಗುತ್ತಿತ್ತು. ಹೊಲದ ಸಾವೆಯನ್ನು ಮಾರಿ ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿಯನ್ನು ಕೊಳ್ಳುತ್ತಿದ್ದರು. ಅವರ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ.

ಮೊದಲು ಶತ್ರುವಿನ ಪರಿಚಯವಾಗಲಿ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಇಟ್ಟರೆ ಕಪ್ಪಾಗುತ್ತದೆ. ನೇಗಿಲ ಕುಳ ಮಳೆಗೆ ತುಕ್ಕು ಹಿಡಿಯುತ್ತದೆ. ಡಬ್ಬಿಯಲ್ಲಿ ಬಹುಕಾಲ ಉಳಿದ ಕಡಲೆಕಾಯಿ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಈ ಮೂರರ ಹಿಂದೆಯೂ ಇರುವ ಕೈ ಒಂದೇ: ಗಾಳಿಯಲ್ಲಿರುವ ಆಮ್ಲಜನಕ. ಈ ಕ್ರಿಯೆಗೆ ರಸಾಯನಶಾಸ್ತ್ರದಲ್ಲಿ ಉತ್ಕರ್ಷಣವೆಂದು ಹೆಸರು. ಯಾವ ಆಮ್ಲಜನಕವಿಲ್ಲದೆ ನಾವು ಕೆಲವೇ ನಿಮಿಷವೂ ಬದುಕಲಾರೆವೋ ಅದೇ ನಮ್ಮನ್ನು ನಿಧಾನವಾಗಿ ಸವೆಸುತ್ತದೆ ಎಂಬುದು ಸೃಷ್ಟಿಯ ವಿಚಿತ್ರಗಳಲ್ಲಿ ಒಂದು.

ನಾವು ಉಂಡ ಅನ್ನ ಜೀವಕೋಶಗಳ ಒಳಗಿರುವ ಮೈಟೋಕಾಂಡ್ರಿಯ ಎಂಬ ಸೂಕ್ಷ್ಮ ಒಲೆಗಳಲ್ಲಿ ಆಮ್ಲಜನಕದೊಡನೆ ಸೇರಿ ಉರಿದು ಶಕ್ತಿಯಾಗುತ್ತದೆ. ಎಷ್ಟೇ ಒಳ್ಳೆಯ ಒಲೆಯಾದರೂ ಕಿಡಿ ಹಾರದೆ ಇರದು. ಹಾಗೆ ಹಾರುವ ಕಿಡಿಗಳೇ ಮುಕ್ತ ಮೂಲಕಗಳು, ಇಂಗ್ಲಿಷಿನ ಹೆಸರಿನಲ್ಲಿ ಹೇಳುವುದಾದರೆ ಫ್ರೀ ರ‍್ಯಾಡಿಕಲ್‌ಗಳು. ಅಣುವಿನಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿಯಾಗಿರುತ್ತವೆ. ಜೋಡಿ ತಪ್ಪಿದ ಒಂಟಿ ಎಲೆಕ್ಟ್ರಾನನ್ನು ಹೊತ್ತ ಅಣುವಿಗೆ ನೆಮ್ಮದಿಯಿಲ್ಲ; ಪಕ್ಕದ ಅಣುವಿನಿಂದ ಒಂದನ್ನು ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಣು ತಾನೂ ಕಳ್ಳನಾಗುತ್ತದೆ. ಹೀಗೆ ಸರಪಳಿಯಾಗಿ ಜೀವಕೋಶದ ಪೊರೆಯ ಕೊಬ್ಬು, ಒಳಗಿನ ಪ್ರೋಟೀನು, ಕೊನೆಗೆ ವಂಶವಾಹಿಯನ್ನು ಹೊತ್ತ ಡಿ.ಎನ್.ಎ.ಯವರೆಗೂ ಗಾಯವಾಗುತ್ತದೆ.

ಆಮ್ಲಜನಕದ ಅತಿರೇಕದಿಂದಾಗುವ ಹಾನಿಗೂ ಕ್ಷಕಿರಣಗಳಿಂದಾಗುವ ಹಾನಿಗೂ ಮೂಲ ಒಂದೇ, ಅದು ಈ ಮುಕ್ತ ಮೂಲಕಗಳೇ ಎಂದು 1954ರಲ್ಲಿ ರೆಬೆಕಾ ಗೆರ್ಶ್ಮನ್ ಮತ್ತು ಸಂಗಡಿಗರು ಹೇಳಿದರು. ಮುಪ್ಪಿಗೂ ಇವೇ ಕಾರಣವಿರಬೇಕೆಂದು 1956ರಲ್ಲಿ ಡೆನ್ಹಮ್ ಹಾರ್ಮನ್ ಊಹಿಸಿದರು. ಬಹಳ ಜನ ನಂಬಲಿಲ್ಲ. ಇಷ್ಟು ಅಲ್ಪಾಯುವಾದ ವಸ್ತು ದೇಹದಲ್ಲಿ ನಿಜವಾಗಿಯೂ ಇದೆಯೆ ಎಂಬ ಸಂಶಯ ಉಳಿದೇ ಇತ್ತು. 1969ರಲ್ಲಿ ಜೋ ಮೆಕಾರ್ಡ್ ಮತ್ತು ಅರ್ವಿನ್ ಫ್ರಿಡೊವಿಚ್ ಎಂಬಿಬ್ಬರು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವವನ್ನು ಗುರುತಿಸಿದರು. ಸೂಪರಾಕ್ಸೈಡ್ ಎಂಬ ಕಿಡಿಯನ್ನು ಆರಿಸುವುದೇ ಅದರ ಕೆಲಸ. ಕಾವಲುಗಾರ ಸಿಕ್ಕಮೇಲೆ ಕಳ್ಳನಿರುವುದನ್ನು ಅಲ್ಲಗಳೆಯುವುದು ಹೇಗೆ? ದೇಹ ಸುಮ್ಮನೆ ಕಾವಲಿಡುವುದಿಲ್ಲವಷ್ಟೆ.

ಈ ಕಾವಲಿನ ವ್ಯವಸ್ಥೆ ನಮ್ಮ ದುರ್ಗದ ಕೋಟೆಯಂತೆ ಸುತ್ತು ಸುತ್ತಾಗಿದೆ. ಮೊದಲ ಸುತ್ತಿನಲ್ಲಿ ದೇಹ ತಾನೇ ತಯಾರಿಸುವ ಕಿಣ್ವಗಳಿವೆ. ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಕಿಡಿಯನ್ನು ಹಿಡಿದು ಹೈಡ್ರೊಜನ್ ಪೆರಾಕ್ಸೈಡ್ ಮಾಡುತ್ತದೆ. ಅದೂ ನಿರಪಾಯದ್ದಲ್ಲ, ಅದನ್ನು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗಾಯಕ್ಕೆ ಹೈಡ್ರೊಜನ್ ಪೆರಾಕ್ಸೈಡ್ ಹಾಕಿದಾಗ ಬುಸುಬುಸು ನೊರೆ ಬರುವುದನ್ನು ನೀವು ನೋಡಿರಬಹುದು. ಅದು ಕ್ಯಾಟಲೇಸ್ ಕೆಲಸ ಮಾಡುತ್ತಿರುವ ದೃಶ್ಯ. ಮೂರನೆಯದು ಗ್ಲುಟಥಯೋನ್ ಪೆರಾಕ್ಸಿಡೇಸ್. ಇದು ಗ್ಲುಟಥಯೋನ್ ಎಂಬ ಪುಟ್ಟ ಅಣುವನ್ನು ಮುಂದಿಟ್ಟುಕೊಂಡು ಅದೇ ಕೆಲಸವನ್ನು ಮಾಡುತ್ತದೆ.

ಎರಡನೆಯ ಸುತ್ತಿನಲ್ಲಿ ಹೊರಗಿನಿಂದ ಬರಬೇಕಾದ ಕಾವಲುಗಾರರಿದ್ದಾರೆ. ‘ಇ’ ಜೀವಸತ್ವ ಕೋಶದ ಪೊರೆಯ ಕೊಬ್ಬಿನಲ್ಲಿ ನೆಲೆನಿಂತು, ಕಳ್ಳತನದ ಸರಪಳಿಯನ್ನು ತನ್ನ ಮೈಮೇಲೆ ಹಾಕಿಕೊಂಡು ಕಡಿಯುತ್ತದೆ. ಹಾಗೆ ದಣಿದ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ‘ಸಿ’ ಜೀವಸತ್ವ. ಕುರಿ ಮೇಕೆಗಳು ತಮಗೆ ಬೇಕಾದ ‘ಸಿ’ಯನ್ನು ತಮ್ಮ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ. ಬಯಲುಸೀಮೆಯ ಒಣ ಪೊದೆಯನ್ನು ಮೇಯುವ ಮೇಕೆಗೆ ಇರುವ ಭಾಗ್ಯ ಅದನ್ನು ಕಾಯುವವನಿಗೆ ಇಲ್ಲ. ಅವನು ದಿನದಿನವೂ ಹಣ್ಣು ಸೊಪ್ಪುಗಳಿಂದಲೇ ಪಡೆಯಬೇಕು. ಕೊನೆಯ ಸುತ್ತಿನಲ್ಲಿರುವವರು ದುರಸ್ತಿಗಾರರು. ಆದ ಗಾಯಗಳನ್ನು ಕತ್ತರಿಸಿ ತೆಗೆದು ಹೊಸದನ್ನು ಕೂಡಿಸುವವರು ಇವರು.

ಇಲ್ಲಿ ಒಂದು ಮುಖ್ಯವಾದ ಮಾತನ್ನು ಗಮನಿಸಬೇಕು. ಪತ್ರಿಕೆಯ ಜಾಹೀರಾತುಗಳನ್ನು ಓದಿದವರಿಗೆ ಕಾವಲೆಂದರೆ ‘ಸಿ’ ಮತ್ತು ‘ಇ’ ಮಾತ್ರ ಎಂಬ ಭಾವನೆ ಬರುತ್ತದೆ. ಆದರೆ ಮೊದಲ ಸುತ್ತಿನ ಕಿಣ್ವಗಳು ಬರಿಗೈಯಲ್ಲಿ ಕೆಲಸ ಮಾಡುವುದಿಲ್ಲ. ಡಿಸ್ಮ್ಯುಟೇಸಿಗೆ ತಾಮ್ರ, ಸತು, ಮ್ಯಾಂಗನೀಸು ಬೇಕು. ಕ್ಯಾಟಲೇಸಿಗೆ ಕಬ್ಬಿಣ ಬೇಕು. ಗ್ಲುಟಥಯೋನ್ ಪೆರಾಕ್ಸಿಡೇಸಿಗೆ ಸೆಲೆನಿಯಮ್ ಬೇಕೆಂಬುದು 1973ರಲ್ಲಿ ತಿಳಿಯಿತು. ಗ್ಲುಟಥಯೋನ್ ತಾನೇ ಮೂರು ಅಮೈನೊ ಆಮ್ಲಗಳಿಂದಾದುದು. ಬೇಳೆಕಾಳು, ಹಾಲು, ಮೊಟ್ಟೆಗಳ ಪ್ರೋಟೀನಿಲ್ಲದೆ ಅದು ಆಗದು. ದಣಿದ ಗ್ಲುಟಥಯೋನನ್ನು ಮತ್ತೆ ಸಜ್ಜುಗೊಳಿಸುವ ಕಿಣ್ವಕ್ಕೆ ರೈಬೊಫ್ಲಾವಿನ್, ಅಂದರೆ ‘ಬಿ2’ ಬೇಕು. ಈ ಸಂಬಂಧ ಎಷ್ಟು ನಿಕಟವೆಂದರೆ, ರಕ್ತದ ಕೆಂಪುಕಣದಲ್ಲಿ ಆ ಕಿಣ್ವದ ಚಟುವಟಿಕೆಯನ್ನು ಅಳೆದೇ ಒಬ್ಬ ಮನುಷ್ಯನಿಗೆ ರೈಬೊಫ್ಲಾವಿನ್ ಸಾಲುತ್ತಿದೆಯೆ ಇಲ್ಲವೆ ಎಂದು ಹೇಳಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಹತಾಬ್ ಬಾಮ್ಜಿಯವರು 1969ರಲ್ಲಿ ಈ ಮಾರ್ಗದ ಮೇಲೆ ಕೆಲಸ ಮಾಡಿದರು. ಮಕ್ಕಳ ಬಾಯಿಯ ಕೊನೆ ಸೀಳಿ ಹುಣ್ಣಾಗುವುದನ್ನು ಕಂಡಾಗ ನಾವು ಉಷ್ಣವೆಂದು ಸುಮ್ಮನಾಗುತ್ತೇವೆ. ಅನೇಕ ವೇಳೆ ಅದು ರೈಬೊಫ್ಲಾವಿನ್ ಕೊರತೆಯ ಗುರುತು; ಕಾವಲುಗಾರನ ಊಟದಲ್ಲಿ ಒಂದು ತುತ್ತು ಕಡಮೆಯಾಗಿದೆಯೆಂಬ ಸೂಚನೆ.

ಆದ್ದರಿಂದ ದೇಹದ ಈ ರಕ್ಷಣೆಗೆ ಬೆಂಬಲ ಕೊಡುವುದೆಂದರೆ ಯಾವುದೋ ಒಂದು ಅಪೂರ್ವ ಹಣ್ಣನ್ನು ತಿನ್ನುವುದಲ್ಲ. ಇಡೀ ಊಟವನ್ನು ಸರಿಯಾಗಿ ಉಣ್ಣುವುದು.

ಈಗ ನಮ್ಮ ನೆಲಕ್ಕೆ ಬರೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆ ಮಳೆಯ ಕೃಪೆಗೆ ದೂರವಾದದ್ದು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಒಂದು ಕೋಡಿಗೂ ಇನ್ನೊಂದು ಕೋಡಿಗೂ ನಡುವೆ ಒಬ್ಬ ಮನುಷ್ಯನ ಪೂರ್ಣಾಯುಷ್ಯ ಕಳೆದುಹೋದ ನಾಡು ಇದು. ಇಂಥ ನೆಲದಲ್ಲಿ ನಿಲ್ಲುವ ಬೆಳೆಗೂ ತನ್ನದೇ ಒಂದು ಕಾವಲು ಬೇಕಾಗುತ್ತದೆ. ಬಿಸಿಲು ಬಿದ್ದರೆ ನಾವು ನೆರಳಿಗೆ ಸರಿಯುತ್ತೇವೆ, ಗಿಡ ಸರಿಯಲಾರದು. ಆದ್ದರಿಂದ ಅದು ತನ್ನ ಸಿಪ್ಪೆಯಲ್ಲಿ, ಹೊಟ್ಟಿನಲ್ಲಿ, ಎಲೆಯಲ್ಲಿ ಪಾಲಿಫೀನಾಲ್ ಎಂಬ ವರ್ಗದ ರಸಾಯನಗಳನ್ನು ಕೂಡಿಟ್ಟುಕೊಳ್ಳುತ್ತದೆ. ಇವನ್ನು ಗುರುತಿಸಲು ಪ್ರಯೋಗಶಾಲೆ ಬೇಕಿಲ್ಲ, ನಾಲಗೆ ಸಾಕು. ಇವುಗಳಲ್ಲಿ ಬಹುಪಾಲಿನ ರುಚಿ ಒಗರು, ಇಲ್ಲವೆ ಕಹಿ. ಕಣ್ಣಿಗೆ ಇವು ಕಂದು, ಕೆಂಪು, ನೇರಳೆ.

ರಾಗಿಯನ್ನೇ ನೋಡಿ. ಅದರ ಕಂದು ಬಣ್ಣ ಇರುವುದು ಹೊರಗಿನ ತೆಳು ಸಿಪ್ಪೆಯಲ್ಲಿ. ರಾಗಿಯ ಪಾಲಿಫೀನಾಲುಗಳ ಬಹುಭಾಗ ಅಲ್ಲಿಯೇ ಇದೆಯೆಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನಗಳು ತೋರಿಸಿವೆ. ಬಿಳಿಯ ರಾಗಿಯಲ್ಲಿ ಅವು ಬಹಳ ಕಡಮೆ. ಪಟ್ಟಣದ ಬಂಧುಗಳು ಮುದ್ದೆಯ ಬಣ್ಣವನ್ನು ನೋಡಿ ಮೂಗು ಮುರಿಯುತ್ತಿದ್ದ ಕಾಲವೊಂದಿತ್ತು. ಅವರು ಮೂಗು ಮುರಿದದ್ದು ರಾಗಿಯ ಸತ್ವಕ್ಕೇ ಎಂದು ಈಗ ತಿಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವುದು ಮೇಲಿನ ಲಾಭ. ಆದರೆ ಒಗರಿಗೆ ಒಂದು ದೋಷವೂ ಉಂಟು. ಅದು ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಹುರಿಹಿಟ್ಟು ಮಾಡುವ ನಮ್ಮ ಅಜ್ಜಿಯರ ಪದ್ಧತಿ ಈ ಕಟ್ಟನ್ನು ಸಡಿಲಿಸುತ್ತದೆ. ಮುದ್ದೆಯ ಜೊತೆಗೆ ಸೊಪ್ಪಿನ ಸಾರು, ಸಾರಿಗೆ ನಿಂಬೆ ಹಿಂಡುವುದು ಬರಿಯ ರುಚಿಗಾಗಿ ಅಲ್ಲ. ನಿಂಬೆಯ ‘ಸಿ’ ಕಬ್ಬಿಣವನ್ನು ಒಳಗೆ ಬಿಟ್ಟುಕೊಡುತ್ತದೆ. ಊಟವಾದ ಕೂಡಲೇ ಚಹ ಕುಡಿದರೆ ಮತ್ತೆ ಬಾಗಿಲು ಮುಚ್ಚಿದಂತೆ.

ಹೊಸದುರ್ಗದ ಕಡೆಯ ಸಾವೆ, ಬಯಲುಸೀಮೆಯ ನವಣೆ ಇವುಗಳ ಕಥೆ ಒನಕೆಯ ಕಥೆ. ಒನಕೆಯಲ್ಲಿ ಕುಟ್ಟಿದಾಗ ಉಮಿ ಹೋಗಿ, ಕಾಳಿಗೆ ಅಂಟಿದ ತೌಡಿನ ಪದರದ ಒಂದು ಭಾಗ ಉಳಿಯುತ್ತಿತ್ತು. ಆ ಪದರದಲ್ಲಿಯೇ ‘ಬಿ’ ಗುಂಪಿನ ಜೀವಸತ್ವಗಳು, ‘ಇ’ ಜೀವಸತ್ವ, ಸತು, ಮ್ಯಾಂಗನೀಸು, ಪಾಲಿಫೀನಾಲು ಎಲ್ಲವೂ ಇರುವುದು. ಗಿರಣಿ ಬಂತು, ಹೆಂಗಸರ ತೋಳಿನ ನೋವು ತಪ್ಪಿತು. ಅದು ಒಳ್ಳೆಯದೇ, ಆ ನೋವನ್ನು ಮರಳಿ ತನ್ನಿರೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಗಿರಣಿ ಉಮಿಯಲ್ಲಿಗೆ ನಿಲ್ಲದೆ ಬಿಳುಪಿನ ಆಸೆಗೆ ತೌಡನ್ನೂ ತೆಗೆಯಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಸಾವೆ ನವಣೆಗಳು ಪಟ್ಟಣದ ಅಂಗಡಿಗೆ ಬಂದಿವೆ, ಸಂತೋಷ. ಆದರೆ ಅಕ್ಕಿಯಂತೆ ಬೆಳ್ಳಗಾಗುವವರೆಗೆ ಉಜ್ಜಿದ ನವಣೆಯನ್ನು ಕೊಂಡರೆ ಹೆಸರು ಮಾತ್ರ ಉಳಿಯಿತು. ಸ್ವಲ್ಪ ಮಂಕಾದ, ಕೈಗೆ ತೌಡಿನ ಪುಡಿ ಹತ್ತುವ ಧಾನ್ಯವನ್ನು ಕೇಳಿ ಕೊಳ್ಳಿ. ಅದು ಬೇಗ ಮುಗ್ಗುವುದರಿಂದ ಸ್ವಲ್ಪ ಸ್ವಲ್ಪವೇ ಕೊಳ್ಳಿ.

ಈರುಳ್ಳಿ ನಮ್ಮ ಜಿಲ್ಲೆಯ ದೊಡ್ಡ ಬೆಳೆ. ಬೆಲೆ ಏರಿದರೆ ರೈತ ನಗುತ್ತಾನೆ, ಇಳಿದರೆ ರಸ್ತೆಗೆ ಸುರಿಯುತ್ತಾನೆ. ಅದರಲ್ಲಿರುವ ಕ್ವೆರ್ಸೆಟಿನ್ ಎಂಬ ವಸ್ತು ಹೊರಗಿನ ಪದರಗಳಲ್ಲಿ ಹೆಚ್ಚು. ಒಣಸಿಪ್ಪೆಯ ಜೊತೆಗೆ ಎರಡು ಹಸಿ ಪದರಗಳನ್ನೂ ಸುಲಿದೆಸೆಯುವ ಕೈ ಒಳ್ಳೆಯ ಭಾಗವನ್ನೇ ಎಸೆಯುತ್ತದೆ. ಹಿರಿಯೂರು, ಹೊಸದುರ್ಗಗಳ ತೋಟದ ದಾಳಿಂಬೆ ಬೆಲೆಬಾಳುವ ಹಣ್ಣು. ಸಿಕ್ಕರೆ ತಿನ್ನೋಣ, ಸಿಗದಿದ್ದರೆ ಕೊರಗುವುದು ಬೇಡ. 100 ಗ್ರಾಂ ನೆಲ್ಲಿಕಾಯಿಯಲ್ಲಿ ‘ಸಿ’ ಜೀವಸತ್ವ 600 ಮಿಲಿಗ್ರಾಂ ಎಂದು ಹಳೆಯ ಪಟ್ಟಿಗಳು ಹೇಳುತ್ತಿದ್ದವು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಅದನ್ನು ಸುಮಾರು 250ಕ್ಕೆ ಇಳಿಸಿದೆ. ಇಳಿದರೂ ಅದು ನಮ್ಮ ಹಣ್ಣುಗಳ ಮುಂದಿನ ಸಾಲಿನಲ್ಲಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ಸಾಕೆಂದಿತು. ಒಂದು ನೆಲ್ಲಿಕಾಯಿ, ಇಲ್ಲವೆ ಅರ್ಧ ಸೀಬೆಹಣ್ಣು ಆ ಲೆಕ್ಕವನ್ನು ತೀರಿಸುತ್ತದೆ. ನನ್ನ ಸ್ನೇಹಿತರ ಹಿತ್ತಿಲಿನ ನುಗ್ಗೆಸೊಪ್ಪಿನಲ್ಲಿ ‘ಸಿ’, ಕ್ಯಾರೊಟೀನ್, ಸುಣ್ಣ, ಕಬ್ಬಿಣ, ರೈಬೊಫ್ಲಾವಿನ್ ಎಲ್ಲವೂ ಒಟ್ಟಿಗೆ ಇವೆ. ಬಹಳ ಹೊತ್ತು ಕುದಿಸಿ ನೀರು ಬಸಿದು ಚೆಲ್ಲದಿದ್ದರೆ ಆಯಿತು.

ಕಡಲೆಕಾಯಿಯ ವಿಷಯದಲ್ಲಿ ಎರಡು ಮಾತು. ಚಳ್ಳಕೆರೆಯ ಎಣ್ಣೆಗಿರಣಿಗಳಿಗೆ ಹೆಸರು ತಂದ ಈ ಕಾಯಿಯಲ್ಲಿ ಪ್ರೋಟೀನೂ ‘ಇ’ ಜೀವಸತ್ವವೂ ಧಾರಾಳವಾಗಿವೆ. ಆದರೆ ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಇದು ಪತ್ತೆಯಾಯಿತು. ಇದು ಯಕೃತ್ತಿಗೆ ಕ್ಯಾನ್ಸರ್ ತರುವಂಥದು. ಯಕೃತ್ತು ಅದನ್ನು ಎದುರಿಸುವುದು ಗ್ಲುಟಥಯೋನಿನಿಂದಲೇ. ವಿಷದ ಕೈ ಕಟ್ಟಿ ಹೊರಗೆ ದೂಡುತ್ತದೆ. ಹಾಗೆಂದು ಕಾವಲುಗಾರನ ಮೇಲೆ ವೃಥಾ ಹೊರೆ ಹಾಕಬಾರದು. ಮುಗ್ಗಿದ, ಸುಕ್ಕಿದ, ಹಸಿರುಗಟ್ಟಿದ ಬೀಜವನ್ನು ಆರಿಸಿ ಎಸೆಯುವ ಅಭ್ಯಾಸ ಯಾವ ಗುಳಿಗೆಗಿಂತಲೂ ದೊಡ್ಡದು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಹೀಗೆಯೇ ಕಿಡಿಯನ್ನು ಕೈಯಾರೆ ಮನೆಗೆ ತಂದಂತೆ.

ಅಡಕೆಯ ಪ್ರಸಂಗವನ್ನು ಹೇಳದೆ ಬಿಟ್ಟರೆ ಪ್ರಾಮಾಣಿಕತೆಗೆ ಕುಂದು. ಹೊಳಲ್ಕೆರೆ, ಹೊಸದುರ್ಗಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಅಡಕೆಯ ದುಡ್ಡಿನಿಂದ. ಅಡಕೆಯ ಒಗರೂ ಪಾಲಿಫೀನಾಲಿನದೇ; ಆದ್ದರಿಂದ ಅದೂ ಆಂಟಿಆಕ್ಸಿಡೆಂಟೇ ಅಲ್ಲವೆ ಎಂದು ಕೇಳುವವರಿದ್ದಾರೆ. ಪ್ರನಾಳದಲ್ಲಿ ಹೌದು. ಆದರೆ ಬಾಯಿಯಲ್ಲಿ ಸುಣ್ಣದೊಡನೆ ಬೆರೆತಾಗ ಅದೇ ಪಾಲಿಫೀನಾಲು ಉಲ್ಟಾ ತಿರುಗಿ ತಾನೇ ಕಿಡಿಗಳನ್ನು ಹುಟ್ಟಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಕೆಯನ್ನು ಮನುಷ್ಯನಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಬೆಳೆಗಾರನ ಕಷ್ಟ ಬೇರೆ, ಅದಕ್ಕೆ ಬೇರೆ ಪರಿಹಾರ ಬೇಕು. ಆದರೆ ಬಾಯಿಯಲ್ಲಿ ಸದಾ ಅಡಕೆ ಇಟ್ಟುಕೊಳ್ಳುವವರಿಗೆ ಈ ಮಾತನ್ನು ಮರೆಮಾಚುವುದು ಸ್ನೇಹವಲ್ಲ. ಒಂದೇ ವಸ್ತು ಒಂದೆಡೆ ಕಾವಲುಗಾರ, ಇನ್ನೊಂದೆಡೆ ಕಳ್ಳ. ಈ ಪಾಠವನ್ನು ನೆನಪಿಡೋಣ. ಸ್ನೇಹಿತರ ಸೀಸೆಯ ಉತ್ತರ ಇಲ್ಲಿಯೇ ಇದೆ.

ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಗಂಡಸರ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆಯಿತು. ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಮೆಯೆಂಬುದು ಅದಕ್ಕೆ ಮೊದಲೇ ಕಂಡುಬಂದಿತ್ತು. ತರಕಾರಿಯಲ್ಲಿರುವ ಬೀಟಾ ಕ್ಯಾರೊಟೀನನ್ನು ಗುಳಿಗೆಯಾಗಿ ಕೊಟ್ಟರೆ ಅದೇ ಫಲ ಬರಬೇಕಲ್ಲವೆ ಎಂದು ವಿದ್ವಾಂಸರು ಎಣಿಸಿದರು. 1994ರಲ್ಲಿ ಫಲಿತಾಂಶ ಪ್ರಕಟವಾಯಿತು. ಬೀಟಾ ಕ್ಯಾರೊಟೀನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಯಾರಿಗೂ ನಂಬಲಾಗಲಿಲ್ಲ. ಅಮೆರಿಕದಲ್ಲಿ 18,314 ಮಂದಿ ಧೂಮಪಾನಿಗಳು, ಧೂಮಪಾನ ಬಿಟ್ಟವರು ಮತ್ತು ಕಲ್ನಾರಿನ ಕೆಲಸಗಾರರ ಮೇಲೆ ಬೀಟಾ ಕ್ಯಾರೊಟೀನಿನ ಜೊತೆಗೆ ‘ಎ’ ಜೀವಸತ್ವವನ್ನೂ ಕೊಟ್ಟು ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಅಲ್ಲಿ ಹೆಚ್ಚಳ ಶೇಕಡ 28. ಅದನ್ನು 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೊಗೆ ತುಂಬಿದ ಪುಪ್ಪುಸದಲ್ಲಿ, ಸಂಗಡಿಗರಿಲ್ಲದೆ ರಾಶಿಯಾಗಿ ಬಂದ ಒಬ್ಬ ಕಾವಲುಗಾರ ಕೋಟೆಯನ್ನು ಉಳಿಸಲಿಲ್ಲ, ಬಾಗಿಲನ್ನು ತೆರೆದುಕೊಟ್ಟ.

ಇನ್ನೊಂದು ಪ್ರಯೋಗ ಸಣ್ಣದು, ಆದರೆ ಅರ್ಥಪೂರ್ಣ. 2009ರಲ್ಲಿ ಜರ್ಮನಿಯ ಮೈಕೆಲ್ ರಿಸ್ಟೋ ಮತ್ತು ಸಂಗಡಿಗರು ಕೆಲವು ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿದರು. ಅರ್ಧದಷ್ಟು ಜನಕ್ಕೆ ‘ಸಿ’ ಮತ್ತು ‘ಇ’ ಗುಳಿಗೆಗಳನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರು. ವ್ಯಾಯಾಮದಿಂದ ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಶಕ್ತಿ ಸುಧಾರಿಸಬೇಕಷ್ಟೆ. ಗುಳಿಗೆ ತಿನ್ನದವರಲ್ಲಿ ಸುಧಾರಿಸಿತು, ತಿಂದವರಲ್ಲಿ ಇಲ್ಲ. ಅಂದರೆ, ವ್ಯಾಯಾಮದಲ್ಲಿ ಹಾರುವ ಕಿಡಿಗಳೇ ದೇಹವನ್ನು ಎಚ್ಚರಿಸುವ ಗಂಟೆ. ಗಂಟೆಯ ನಾಲಗೆಯನ್ನೇ ಕಟ್ಟಿದರೆ ಕಾವಲುಗಾರ ಮಲಗಿಯೇ ಇರುತ್ತಾನೆ.

ಹಾಗಾದರೆ ಸೊಪ್ಪು, ಹಣ್ಣು, ರಾಗಿಗಳಿಂದ ಉಪಕಾರವಾಗುವುದು ಹೇಗೆ? ಪಾಲಿಫೀನಾಲುಗಳಲ್ಲಿ ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಅವು ನೇರವಾಗಿ ಹೋಗಿ ಕಿಡಿಯನ್ನು ಆರಿಸುತ್ತವೆಂಬ ಹಳೆಯ ಚಿತ್ರ ಈಗ ಮಸುಕಾಗಿದೆ. ಆಹಾರಗಳ ಇಂಥ ಶಕ್ತಿಯನ್ನು ಪ್ರನಾಳದಲ್ಲಿ ಅಳೆದು ಅಂಕ ಕೊಟ್ಟಿದ್ದ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಇಂದಿನ ತಿಳಿವಳಿಕೆ ಬೇರೆ. ಜೀವಕೋಶದಲ್ಲಿ ಎನ್‌ಆರ್‌ಎಫ್2 ಎಂಬ ಒಬ್ಬ ದಳವಾಯಿ ಇದ್ದಾನೆ. ಕೀಪ್1 ಎಂಬ ಇನ್ನೊಂದು ಪ್ರೋಟೀನು ಅವನನ್ನು ಸದಾ ಹಿಡಿದಿಟ್ಟುಕೊಂಡಿರುತ್ತದೆ. ಜಪಾನಿನ ಮಸಾಯುಕಿ ಯಮಾಮೊಟೊ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಈ ಜೋಡಿಯ ಸಂಬಂಧವನ್ನು ಬಿಡಿಸಿ ತೋರಿಸಿದರು. ತರಕಾರಿಯ ಕಹಿ, ಖಾರ, ಒಗರುಗಳಲ್ಲಿ ಕೆಲವು ವಸ್ತುಗಳು ಒಂದು ಸಣ್ಣ ಉಪದ್ರವದಂತೆ ಕೀಪ್1ನ್ನು ತಟ್ಟುತ್ತವೆ. ಹಿಡಿತ ಸಡಿಲಿ ದಳವಾಯಿ ಕೋಶದ ನಡುಮನೆಗೆ ಹೋಗಿ ಗ್ಲುಟಥಯೋನ್ ಮೊದಲಾದ ಕಾವಲಿನ ಸಾಮಗ್ರಿಯನ್ನು ಹೆಚ್ಚಾಗಿ ತಯಾರಿಸುವಂತೆ ಅಪ್ಪಣೆ ಕೊಡುತ್ತಾನೆ. ಎಂದರೆ ಸೊಪ್ಪು ನಮಗಾಗಿ ಯುದ್ಧ ಮಾಡುವುದಿಲ್ಲ. ನಮ್ಮ ಸೈನಿಕರಿಗೆ ಕವಾಯತು ಮಾಡಿಸುತ್ತದೆ. ಪ್ರಯೋಗಶಾಲೆಯಲ್ಲಿ ಕಂಡ ಈ ದಾರಿ ದಿನದ ಊಟದಲ್ಲಿ ಎಷ್ಟು ದೂರ ನಡೆಯುತ್ತದೆಂಬುದರ ಲೆಕ್ಕ ಇನ್ನೂ ನಡೆಯುತ್ತಿದೆ. ಆದರೆ ದಿನಕ್ಕೆ 400 ಗ್ರಾಮಿಗೆ ಕಡಮೆಯಿಲ್ಲದಂತೆ ಹಣ್ಣು ತರಕಾರಿ ತಿನ್ನಿರೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಅಲುಗಾಡಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ಸಂದಿಯನ್ನೂ ಹೇಳಬೇಕು. ಈ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಂದು ಪಟ್ಟೆ, ಮುಂದೆ ಮೂಳೆಗಳಲ್ಲಿ ಬಿಗಿತ ಬರಬಹುದು. ಜೀವಕೋಶದಲ್ಲಿ ಉತ್ಕರ್ಷಣದ ಹಾನಿಯನ್ನು ಫ್ಲೋರೈಡು ಹೆಚ್ಚಿಸುವುದನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಸುಣ್ಣದ ಅಂಶ, ‘ಸಿ’ ಜೀವಸತ್ವ, ಪ್ರೋಟೀನು ಸಾಲದ ಮಕ್ಕಳು ಇದರಿಂದ ಹೆಚ್ಚು ನೋಯುತ್ತಾರೆ. ಆದ್ದರಿಂದ ರಾಗಿ, ಮಜ್ಜಿಗೆ, ಸೊಪ್ಪು, ನೆಲ್ಲಿಕಾಯಿ ಅವರಿಗೆ ಬೇಕೇ ಬೇಕು. ಆದರೆ ಯಾವ ಸೊಪ್ಪೂ ನೀರಿನೊಳಗಿನ ಫ್ಲೋರೈಡನ್ನು ತೆಗೆಯಲಾರದು. ಶುದ್ಧ ನೀರನ್ನು ಊರಿಗೆ ತರುವುದೇ ಅದಕ್ಕೆ ಮದ್ದು. ಊಟದ ಮಹಿಮೆಯನ್ನು ಹೇಳುವವರು ಊಟದ ಮಿತಿಯನ್ನೂ ಹೇಳಬೇಕು.

ಇಷ್ಟನ್ನೂ ನಾನು ಸ್ನೇಹಿತರಿಗೆ ಒಂದು ಪತ್ರವಾಗಿ ಬರೆದೆ. ಬೀಡಿ ಸೇದುವವರಿಗೆ ಆ ಸೀಸೆಯ ಬೀಟಾ ಕ್ಯಾರೊಟೀನ್ ಉಪಕಾರಿಯಲ್ಲ, ಅಪಾಯಕಾರಿ. ಹೊಗೆಯ ಪ್ರತಿಯೊಂದು ಸೆಳೆತದಲ್ಲಿಯೂ ಎಣಿಸಲಾರದಷ್ಟು ಕಿಡಿಗಳಿರುವಾಗ, ಕಿಡಿ ಆರಿಸುವುದಕ್ಕೆ ಮೊದಲು ಬೆಂಕಿ ಹಚ್ಚುವುದನ್ನು ನಿಲ್ಲಿಸಬೇಕೆಂದು ಬರೆದೆ. ವೈದ್ಯರು ರಕ್ತಹೀನತೆಗೋ ಬೇರೆ ಕೊರತೆಗೋ ಬರೆದುಕೊಟ್ಟ ಗುಳಿಗೆಯ ಮಾತು ಬೇರೆ, ಅದನ್ನು ಬಿಡಬೇಡಿರೆಂದೂ ಸೇರಿಸಿದೆ. ಕಳೆದ ವಾರ ಅವರು ಮತ್ತೆ ಬಂದಿದ್ದರು. ಸೀಸೆ ನಿಂತಿದೆ. ಬೀಡಿ ಪೂರ್ತಿ ನಿಂತಿಲ್ಲ. ದಿನಕ್ಕೆ ಎರಡಕ್ಕೆ ಇಳಿದಿದೆ, ಆ ಎರಡೂ ನನ್ನೊಡನೆ ಜಗಳವಾಡುತ್ತಿವೆ ಎಂದರು. ಕೈಯಲ್ಲಿ ಒಂದು ಚೀಲವಿತ್ತು. ಅದರಲ್ಲಿ ನುಗ್ಗೆಸೊಪ್ಪು, ಜೊತೆಗೆ ಎರಡು ಸೇರು ಸಾವೆ. ಪಾಲಿಷ್ ಮಾಡದೆ ಕೊಡಿರೆಂದಾಗ ಗಿರಣಿಯವನು ವಿಚಿತ್ರವಾಗಿ ನೋಡಿದನಂತೆ.

ಕೋಟೆಗಳು ಬೀಳುವುದು ಗೋಡೆ ತೆಳುವಾದುದರಿಂದ ಮಾತ್ರವಲ್ಲ. ಓಬವ್ವನ ಕಿಂಡಿ ಅಂದು ಉಳಿದರೂ 1779ರಲ್ಲಿ ದುರ್ಗ ಬಿದ್ದಿತು. ದೇಹದ ಕೋಟೆಯೂ ಒಂದು ದಿನ ಬೀಳುವುದೇ. ಆಹಾರದಿಂದ ಯಾರೂ ಚಿರಂಜೀವಿಗಳಾಗಿಲ್ಲ. ಆದರೆ ಬೀಳುವ ದಿನದವರೆಗೆ ಅದನ್ನು ಕಾಯುವವರಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುವುದು ನಮ್ಮ ಕೈಯಲ್ಲಿದೆ. ಆ ಊಟ ದೂರದಲ್ಲೇನೂ ಇಲ್ಲ. ನಮ್ಮ ಹೊಲದ ಬದುವಿನಲ್ಲಿ, ಹಿತ್ತಿಲಿನ ಮರದಲ್ಲಿ, ನಾವು ಸುಲಿದು ಎಸೆಯುತ್ತಿರುವ ಸಿಪ್ಪೆಯಲ್ಲಿ ಇದೆ.